ಚಾರ್ಜ್: ಬಂಡಿಗೆ ಹೇರಿದ ಮಾತು

ದಾವಣಗೆರೆಯ ಖಾಸಗಿ ಬಸ್ ನಿಲ್ದಾಣ. ಕಾಲೇಜು ಹುಡುಗನೊಬ್ಬ ಪಕ್ಕದಲ್ಲಿ ಕೂತಿದ್ದ ತಾಯಿಗೆ, 'ಅವ್ವಾ, ಚಾರ್ಜಿಲ್ಲ' ಅಂದ. ಆಕೆ ಎಲೆಅಡಿಕೆ ಸಂಚಿ ಬಿಚ್ಚಿ, ಮಡಿಸಿಟ್ಟಿದ್ದ ಐವತ್ತರ ನೋಟು ತೆಗೆದರು. 'ಬಸ್ ಚಾರ್ಜಲ್ಲವ್ವಾ, ಮೊಬೈಲಿಂದು' ಅಂತ ಅವನು ಆರಿಹೋದ ಫೋನ್ ತೋರಿಸಿದ.

ತಾಯಿ ಕೇಳಿಸಿಕೊಂಡದ್ದೂ ತಪ್ಪಲ್ಲ. ಚಾರ್ಜ್ ಅಂದರೆ ಬಸ್ಸಿಗೆ ಕೊಡುವ ದುಡ್ಡು. ಫೋನಿಗೆ ತುಂಬುವ ಕರೆಂಟೂ ಚಾರ್ಜೇ. ಹೊಸ ಅಧಿಕಾರಿ ಚಾರ್ಜ್ ತಗೊಂಡರು ಅಂದರೆ ಅಧಿಕಾರ, ಪೊಲೀಸರು ಚಾರ್ಜ್‌ಶೀಟ್ ಹಾಕಿದರು ಅಂದರೆ ಆರೋಪ. ಸುಮ್ನೆ ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸುತ್ತದೆ, ಅಲ್ವಾ?

ಸಂಬಂಧ ಇದೆ. ಲ್ಯಾಟಿನ್ ಭಾಷೆಯಲ್ಲಿ 'ಕಾರುಸ್' ಅಂದರೆ ಬಂಡಿ. ಅದರಿಂದ ಹುಟ್ಟಿದ 'ಕಾರಿಕಾರೆ' ಅಂದರೆ ಬಂಡಿಗೆ ಹೇರುವುದು. ಅದೇ ಮಾತು ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರುವಷ್ಟರಲ್ಲಿ ಚಾರ್ಜ್ ಆಯಿತು. ಕಾರು, ಕಾರ್ಗೋ ಕೂಡ ಇದೇ ಬಳ್ಳಿಯ ಕಾಯಿಗಳು.

ಈಗ ನಮ್ಮ ಎಪಿಎಂಸಿ ಯಾರ್ಡಿಗೆ ಬನ್ನಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಲಾರಿಗೆ ಹೇರುತ್ತಾರೆ. ಈ ಹೊರು, ಹೇರು ಎರಡನ್ನೂ ನಾವು ಚೀಲಕ್ಕಷ್ಟೇ ಬಿಟ್ಟಿಲ್ಲ. ತೆರಿಗೆ ಹೇರುತ್ತಾರೆ. ಅಪವಾದ ಹೊರಿಸುತ್ತಾರೆ. ಮನೆ ಜವಾಬ್ದಾರಿ ಹೊರುತ್ತಾರೆ. ದುಡ್ಡು, ಆರೋಪ, ಅಧಿಕಾರ ಮೂರೂ ಬಂದವು ನೋಡಿ! ಎಲ್ಲಿಯ ರೋಮ್, ಎಲ್ಲಿಯ ದಾವಣಗೆರೆ. ಹೊರೆಯ ಅನುಭವ ಮಾತ್ರ ಒಂದೇ. ಈ ಪದದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಇದೇ.

ಫೋನಿನ ಚಾರ್ಜಿಗೆ ಇನ್ನೊಂದು ದಾರಿ ಇದೆ. ಕೋವಿಗೆ, ಫಿರಂಗಿಗೆ ಒಂದು ಸಲಕ್ಕೆ ತುಂಬುವ ಮದ್ದನ್ನೂ ಇಂಗ್ಲಿಷಿನಲ್ಲಿ ಚಾರ್ಜ್ ಎನ್ನುತ್ತಾರೆ. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಅರೆಯುತ್ತಿದ್ದ ಆ ಭಾರೀ ಬೀಸುವ ಕಲ್ಲುಗಳನ್ನು ನೀವು ನೋಡಿರಬಹುದು. ಅಂಥ ಮದ್ದಿನ ಮಾತೇ 18ನೇ ಶತಮಾನದಲ್ಲಿ, ಗಾಜಿನ ಜಾಡಿಯಲ್ಲಿ ವಿದ್ಯುತ್ ತುಂಬಿಡಲು ಕಲಿತಾಗ, ಅದಕ್ಕೂ ಬಂತು. 1749ರಲ್ಲಿ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ ತುಂಬಿಡಲು 11 ಗಾಜಿನ ಹಲಗೆಗಳನ್ನು ಜೋಡಿಸಿ, ಅದನ್ನು ಬ್ಯಾಟರಿ ಅಂತ ಕರೆದ. ಅಲ್ಲಿಯವರೆಗೆ ಬ್ಯಾಟರಿ ಅಂದರೆ ಸಾಲಾಗಿ ನಿಲ್ಲಿಸಿದ ಫಿರಂಗಿಗಳು.

ಲಾಠಿ ಚಾರ್ಜಿನಲ್ಲಿ ಹೊರೆ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಮೈಭಾರವನ್ನೆಲ್ಲ ಹಾಕಿ ಮೇಲೆ ನುಗ್ಗುವುದು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಕನ್ನಡದಲ್ಲಿ ಅರ್ಥ ಹಿಡಿಯಲು ಕ್ರಿಯಾಪದ ನೋಡಬೇಕು. ಚಾರ್ಜಿಗೆ ಹಾಕಿದರೆ ಫೋನು. ಚಾರ್ಜ್ ವಹಿಸಿಕೊಂಡರೆ ಕೆಲಸ. ಬರೀ 'ಇಲ್ಲ' ಅಂದರೆ ಆ ತಾಯಿಗೆ ಆದಂತೆ ದುಡ್ಡೂ ಆಗಬಹುದು, ಕರೆಂಟೂ ಆಗಬಹುದು. ಇನ್ನು ಡಿಸ್ಚಾರ್ಜ್ ಅಂದರೆ ಹೇರಿದ್ದನ್ನು ಇಳಿಸುವುದು. ಆಸ್ಪತ್ರೆಯಿಂದ ಅಜ್ಜಿಯನ್ನು ಮನೆಗೆ ಕರೆತಂದ ದಿನ, 'ದೊಡ್ಡ ಹೊರೆ ಇಳೀತಪ್ಪಾ' ಅಂತ ನಾವೂ ಅಂದಿರುತ್ತೇವೆ.