ಹಸಿರಾಗಿ ಕಾಣುವ ಪಾಚಿಯೂ ಕೆಂಪು ಪಾಚಿಯಾಗುವುದು ಹೇಗೆ?

ಓದುಗರ ಪ್ರಶ್ನೆ: ಕೆಂಪು ಪಾಚಿಗಳೆಂದು ಪುಸ್ತಕಗಳು ಹೇಳುವ ಎಷ್ಟೋ ಪಾಚಿಗಳು ನೋಡಲು ಹಸಿರಾಗಿಯೋ ಕಂದಾಗಿಯೋ ಇರುತ್ತವೆ. ಹಾಗಿದ್ದರೆ ಇವುಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದವರು ಯಾರು, ಯಾವ ಆಧಾರದ ಮೇಲೆ?

ಉತ್ತರ: ಈ ಗುಂಪು ಮೊದಲು ರೂಪುಗೊಂಡದ್ದು ಬಣ್ಣದ ಆಧಾರದ ಮೇಲೆಯೇ. ಲಿನೇಯಸ್ ಪಾಚಿಗಳನ್ನು ಹೊರರೂಪ ನೋಡಿ ಫ್ಯೂಕಸ್, ಅಲ್ವಾ, ಕಾನ್ಫರ್ವಾ ಮೊದಲಾದ ಕೆಲವೇ ಜಾತಿಗಳಲ್ಲಿ ಹಂಚಿದ್ದ. ಸುಣ್ಣ ಕಟ್ಟಿಕೊಂಡು ಗಟ್ಟಿಯಾಗುವ ಕೋರಲೈನಾವನ್ನಂತೂ ಪ್ರಾಣಿಗಳ ಸಾಲಿಗೆ ಸೇರಿಸಿದ್ದ. ಬಣ್ಣವನ್ನು ವರ್ಗೀಕರಣದ ಲಕ್ಷಣವಾಗಿ ಪರಿಗಣಿಸಿದ ಕೀರ್ತಿ 1813ರಲ್ಲಿ ಸಮುದ್ರಸಸ್ಯಗಳ ಕುರಿತು ಪ್ರಬಂಧ ಬರೆದ ಫ್ರಾನ್ಸಿನ ಲಾಮೂರೂಗೆ ಸಲ್ಲಬೇಕು. 1836ರಲ್ಲಿ ಐರ್ಲೆಂಡಿನ ವಿಲಿಯಂ ಹೆನ್ರಿ ಹಾರ್ವೆ ಕಂದು, ಕೆಂಪು, ಹಸಿರು ಎಂಬ ವಿಂಗಡಣೆಯನ್ನು ಸ್ಪಷ್ಟಪಡಿಸಿದ.

ಆದರೆ ಬಣ್ಣ ನೆಚ್ಚಿಕೊಳ್ಳುವಂಥ ಲಕ್ಷಣವಲ್ಲ. ಕೆಂಪಿಗೆ ಕಾರಣವಾದ ಫೈಕೊಎರಿತ್ರಿನ್ ಎಂಬ ವರ್ಣದ್ರವ್ಯ ಪ್ರಖರ ಬಿಸಿಲಿನಲ್ಲಿ ಕಡಿಮೆಯಾಗುವುದರಿಂದ, ಬಂಡೆಗಳ ನಡುವಿನ ತಿಳಿನೀರಿನಲ್ಲಿ ಬೆಳೆದ ಕಾಂಡ್ರಸ್ ಕ್ರಿಸ್ಪಸ್ ಎಂಬ ಕಡಲಪಾಚಿ ಹಸಿರುಮಿಶ್ರಿತ ಹಳದಿಗೆ ತಿರುಗಿರುವುದುಂಟು. ಸಿಹಿನೀರಿನ ಬ್ಯಾಟ್ರಕೊಸ್ಪರ್ಮಮ್ ಹಲವು ಬಾರಿ ನೀಲಿಹಸಿರಾಗಿ ಕಾಣುತ್ತದೆ. ಆಮ್ಲೀಯ ಬಿಸಿನೀರಿನ ಬುಗ್ಗೆಗಳಲ್ಲಿ ವಾಸಿಸುವ ಏಕಕೋಶದ ಸಯನಿಡಿಯಂನಲ್ಲಿ ಕೆಂಪಿನ ಸುಳಿವೇ ಇಲ್ಲ. ಇಷ್ಟಾದರೂ ಅವೆಲ್ಲ ಒಂದೇ ಬಳಗವೆನ್ನುವುದಕ್ಕೆ ಕೋಶದೊಳಗೆ ಪುರಾವೆಗಳಿವೆ. ಜೀವನಚಕ್ರದ ಯಾವ ಹಂತದಲ್ಲೂ ಇವುಗಳಿಗೆ ಈಜುವ ಕಶಾಂಗವಿಲ್ಲ, ಪಿಷ್ಟವು ಬೆಳಕಿನಿಂದ ಆಹಾರ ತಯಾರಿಸುವ ಹರಿತಕಣದ ಒಳಗಲ್ಲದೆ ಹೊರಗಿನ ಕೋಶದ್ರವ್ಯದಲ್ಲಿ ಶೇಖರವಾಗುತ್ತದೆ, ಹರಿತಕಣದೊಳಗಿನ ಪೊರೆಗಳು ಒಂದರ ಮೇಲೊಂದು ಅಟ್ಟಿಗಟ್ಟದೆ ಬಿಡಿಬಿಡಿಯಾಗಿರುತ್ತವೆ.

ಗುಂಪಿನ ಗಡಿ ಹೀಗೆ ಗಟ್ಟಿಯಾಯಿತು. ಅದರೊಳಗಿನ ವಿಂಗಡಣೆಯ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. 1867ರಲ್ಲಿ ಫ್ರಾನ್ಸಿನ ತ್ಯೂರೆ ಮತ್ತು ಬೋರ್ನೆ ಇವುಗಳಲ್ಲಿ ಗರ್ಭಧಾರಣೆ ಹೇಗೆ ನಡೆಯುತ್ತದೆಂಬುದನ್ನು ತೋರಿಸಿದರು. ಸ್ತ್ರೀಕೋಶದ ತುದಿಯಲ್ಲಿ ಟ್ರೈಕೊಗೈನ್ ಎಂಬ ಉದ್ದನೆಯ ಎಳೆಯಿರುತ್ತದೆ. ಈಜಲಾರದ ಪುರುಷಕೋಶ ನೀರಿನಲ್ಲಿ ತೇಲಿಬಂದು ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಆಗುವುದನ್ನು ಸೂಕ್ಷ್ಮದರ್ಶಕದಡಿ ಹೆಜ್ಜೆಹೆಜ್ಜೆಯಾಗಿ ಗಮನಿಸಿ, 1883ರಿಂದ 1889ರ ನಡುವೆ ಗಣಗಳ (ವರ್ಗದೊಳಗಿನ ಗುಂಪುಗಳ) ವಿಂಗಡಣೆಯನ್ನು ಹೊಸದಾಗಿ ಕಟ್ಟಿದವನು ಜರ್ಮನಿಯ ಫ್ರೆಡರಿಕ್ ಶ್ಮಿಟ್ಸ್. ಬಹುಪಾಲು ಕೆಂಪು ಪಾಚಿಗಳಲ್ಲಿ ಫಲಿತ ಕೋಶಕೇಂದ್ರ ಸ್ತ್ರೀಕೋಶದಲ್ಲಿಯೇ ಉಳಿಯದೆ ಸಹಾಯಕ ಕೋಶವೆಂಬ ಇನ್ನೊಂದಕ್ಕೆ ದಾಟುತ್ತದೆ. ಬೀಜಕಗಳನ್ನು ಕೊಡುವ ಎಳೆಗಳು ಅಲ್ಲಿಂದ ಹೊರಡುತ್ತವೆ. ಈ ಸಹಾಯಕ ಕೋಶ ಇದೆಯೇ ಇಲ್ಲವೇ, ಇದ್ದರೆ ಎಲ್ಲಿ ಹುಟ್ಟುತ್ತದೆ, ಗರ್ಭಧಾರಣೆಗೆ ಮುಂಚೆಯೋ ಅನಂತರವೋ ಎಂಬ ಪ್ರಶ್ನೆಗಳೇ ವರ್ಗೀಕರಣದ ಕೀಲಿಯಾದವು. ಒಣಗಿಸಿಟ್ಟ ಮಾದರಿಯ ಆಕಾರ ನೋಡಿ ಹೆಸರಿಡುತ್ತಿದ್ದ ಕಾಲದಲ್ಲಿ ಇದು ದೊಡ್ಡ ನೆಗೆತ. ಸಹಾಯಕ ಕೋಶದೊಂದಿಗೆ ನಡೆಯುವ ಈ ಬೆಸುಗೆಯನ್ನು ಎರಡನೆಯ ಗರ್ಭಧಾರಣೆಯೆಂದು ಶ್ಮಿಟ್ಸ್ ತಪ್ಪಾಗಿ ಅರ್ಥೈಸಿದ್ದನ್ನು 1898ರಲ್ಲಿ ಓಲ್ಟ್‌ಮನ್ಸ್ ತಿದ್ದಿದ. ಆದರೆ ಆ ತಿದ್ದುಪಡಿಯಿಂದ ವಿಂಗಡಣೆಯ ತಳಹದಿಯೇನೂ ಅಲುಗಲಿಲ್ಲ.

ಈ ವಿಂಗಡಣೆಯನ್ನು ಪೂರ್ಣರೂಪಕ್ಕೆ ತಂದವನು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಹರಾಲ್ಡ್ ಕೀಲಿನ್. ಕಾರ್ಲ್ ಆಗಾರ್ಡ್ ಮತ್ತು ಅವನ ಮಗ ಜಾಕೋಬ್ ಆಗಾರ್ಡ್ ಪಾಚಿಗಳ ಅಧ್ಯಯನಕ್ಕೆ ನೆಲೆ ಒದಗಿಸಿದ್ದ ಊರು ಅದು. ಕೀಲಿನ್ ತೀರಿಕೊಂಡ ಏಳು ವರ್ಷಗಳ ಮೇಲೆ, 1956ರಲ್ಲಿ ಪ್ರಕಟವಾದ ಅವನ ಮಹಾಗ್ರಂಥ ಬಹುಕಾಲ ಈ ವಿಷಯದ ಆಕರವಾಗಿತ್ತು. ಹಾಗೆಂದು ಎಲ್ಲ ಗಣಗಳೂ ಉಳಿಯಲಿಲ್ಲ: ವಿಶೇಷ ಎಳೆಯಲ್ಲಿ ಸಹಾಯಕ ಕೋಶ ಹುಟ್ಟುವ ಕ್ರಿಪ್ಟೊನೆಮಿಯೇಲಿಸನ್ನೂ, ಸಾಮಾನ್ಯ ಕೋಶವೇ ಆ ಪಾತ್ರ ವಹಿಸುವ ಜಿಗಾರ್ಟಿನೇಲಿಸನ್ನೂ ಬೇರ್ಪಡಿಸುವ ಗೆರೆ ನಿಲ್ಲುವಂಥದ್ದಲ್ಲವೆಂದು 1985ರಲ್ಲಿ ಕ್ರಾಫ್ಟ್ ಮತ್ತು ರಾಬಿನ್ಸ್ ವಾದಿಸಿ ಎರಡನ್ನೂ ಒಂದಾಗಿಸಿದರು.

ಪೂರ್ಣ ಜೀವನಚಕ್ರ ತಿಳಿಯದೆ ಹೆಸರಿಟ್ಟರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಪಾಚಿತಜ್ಞೆ ಕ್ಯಾಥ್ಲೀನ್ ಡ್ರೂ ಅವರ ಸಂಶೋಧನೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಚಿಪ್ಪುಗಳನ್ನು ಕೊರೆದು ಒಳಗೆ ಬೆಳೆಯುವ ಸೂಕ್ಷ್ಮ ಗುಲಾಬಿ ಎಳೆಗಳಿಗೆ 1892ರಲ್ಲಿ ಬ್ಯಾಟರ್ಸ್ ಎಂಬಾತ ಕಾಂಕೊಸೆಲಿಸ್ ರೋಸಿಯಾ ಎಂದು ಹೆಸರಿಟ್ಟಿದ್ದ. ಹಾಳೆಯಷ್ಟು ತೆಳುವಾದ ಪೋರ್ಫೈರಾ ಅಂಬಿಲಿಕ್ಯಾಲಿಸ್‌ನ ಬೀಜಕಗಳು ಚಿಪ್ಪಿನಲ್ಲಿ ಮೊಳೆತು ಅದೇ ಗುಲಾಬಿ ಎಳೆಗಳಾಗುತ್ತವೆಂದು ಡ್ರೂ 1949ರಲ್ಲಿ ತೋರಿಸಿದರು. ಪ್ರತ್ಯೇಕ ಜಾತಿಯೆಂದುಕೊಂಡದ್ದು ಇನ್ನೊಂದು ಪಾಚಿಯ ಜೀವನಚಕ್ರದ ಒಂದು ಹಂತವಷ್ಟೇ ಆಗಿತ್ತು. ಜಪಾನಿನಲ್ಲಿ ಆಹಾರವಾಗಿ ಬಳಸುವ ನೋರಿ ಎಂಬ ಪಾಚಿಯ ಕೃಷಿಗೆ ಬೀಜಕಗಳು ಎಲ್ಲಿಂದ ಬರುತ್ತವೆಂಬ ಒಗಟನ್ನೂ ಇದು ಬಿಡಿಸಿತು; ಕುಮಮೊತೊ ಪ್ರಾಂತದ ಉತೊದಲ್ಲಿ ಅವರ ಸ್ಮಾರಕವಿದೆ.

ಇಂದು ಕೊನೆಯ ತೀರ್ಪು ಹೆಚ್ಚಾಗಿ ಡಿಎನ್‌ಎಯದು. 1994ರಲ್ಲಿ ಫ್ರೆಶ್‌ವಾಟರ್, ಫ್ರೆಡೆರಿಕ್, ಹೊಮರ್ಸಂಡ್ ಮೊದಲಾದವರು ಹರಿತಕಣದ ಒಂದು ವಂಶವಾಹಿಯನ್ನು ಹೋಲಿಸಿ ಸಂಬಂಧಗಳನ್ನು ಪರೀಕ್ಷಿಸಿದರು. 2006ರಲ್ಲಿ ಯೂನ್ ಮತ್ತು ಸಂಗಡಿಗರು ಮುಂದಿಟ್ಟ ವ್ಯವಸ್ಥೆಯಲ್ಲಿ ಎರಡು ಉಪವಿಭಾಗಗಳೂ ಏಳು ವರ್ಗಗಳೂ ಇವೆ. ಬಿಸಿನೀರಿನ ಬುಗ್ಗೆಗಳ ಸಯನಿಡಿಯಂ ಬಳಗ ತಾನೇ ಒಂದು ಉಪವಿಭಾಗ. ಉಳಿದ ಆರು ವರ್ಗಗಳಲ್ಲಿ ಫ್ಲಾರಿಡಿಯೊಫೈಸಿಯೇ ಒಂದರಲ್ಲೇ ಬಹುಪಾಲು ಪ್ರಭೇದಗಳಿವೆ. ಶ್ಮಿಟ್ಸ್‌ನ ಸಹಾಯಕ ಕೋಶಕ್ಕೆ ಬೆಲೆಯಿರುವುದು ಈ ವರ್ಗದೊಳಗೆ. ಪೋರ್ಫೈರಾ ಜಾತಿಯೇ 2011ರಲ್ಲಿ ಒಡೆದು ಹಲವಾಯಿತು. ಡ್ರೂ ಪರೀಕ್ಷಿಸಿದ ಪ್ರಭೇದ ಪೋರ್ಫೈರಾ ಆಗಿಯೇ ಉಳಿದರೆ, ನೋರಿಗಾಗಿ ಬೆಳೆಸುವ ಯೆಜೊಎನ್ಸಿಸ್ ಪ್ರಭೇದ ಮೊದಲು ಪೈರೋಪಿಯಾಕ್ಕೂ 2020ರಲ್ಲಿ ನಿಯೊಪೈರೋಪಿಯಾಕ್ಕೂ ಸ್ಥಳಾಂತರಗೊಂಡಿತು. ಆದ್ದರಿಂದ ಹಳೆಯ ಪುಸ್ತಕದಲ್ಲಿ ಪೋರ್ಫೈರಾ ಯೆಜೊಎನ್ಸಿಸ್ ಎಂಬ ಹೆಸರು ಕಂಡರೆ ಅದು ಇದೇ ಪಾಚಿಯೆಂದು ತಿಳಿಯಬೇಕು.