ಗ್ರೌಂಡ್ ಪ್ಲೇನ್ ಸೀಳಬೇಕಾ? ಇನ್ನೊಮ್ಮೆ, ಕೊನೆಯ ಬಾರಿಗೆ

ಪ್ರಶ್ನೆ: ಕಾಫಿ ತೋಟದಲ್ಲಿ ಮಳೆ, ಉಷ್ಣಾಂಶ, ಮಣ್ಣಿನ ತೇವ ಅಳೆದು ಎಸ್ಸೆಮ್ಮೆಸ್ ಕಳಿಸುವ ಬೋರ್ಡ್ ಮಾಡುತ್ತಿದ್ದೇನೆ. ಎರಡು ಲೇಯರ್, ಎಂಸಿಪಿ3208 ಎಡಿಸಿ (ಸೆನ್ಸರಿನ ವೋಲ್ಟೇಜನ್ನು ಅಂಕಿಗೆ ಬದಲಿಸುವ ಚಿಪ್), ಎಸ್ಸೆಮ್ಮೆಸ್ ಕಳಿಸಲು ಸಿಮ್800ಎಲ್ ಮಾಡ್ಯೂಲ್. ಎಡಿಸಿಗೆ ಎಜಿಎನ್‌ಡಿ, ಡಿಜಿಎನ್‌ಡಿ ಎಂದು ಅನಲಾಗ್, ಡಿಜಿಟಲ್ ಗ್ರೌಂಡಿನ ಎರಡು ಪಿನ್ ಇವೆ. ಗ್ರೌಂಡ್ ಪ್ಲೇನನ್ನು (ಗ್ರೌಂಡಿಗೆಂದು ಬಿಟ್ಟ ತಾಮ್ರದ ಹಾಳೆ) ಅನಲಾಗ್, ಡಿಜಿಟಲ್ ಎಂದು ಸೀಳಿ ಒಂದೇ ಕಡೆ ಸೇರಿಸಬೇಕಲ್ಲವೇ?

ಬೇಡ. ಕೆಳಗಿನ ಲೇಯರ್ ಪೂರ್ತಿ ಒಂದೇ ತಾಮ್ರ ಬಿಡಿ, ಎರಡೂ ಪಿನ್ ಅದಕ್ಕೇ ಇಳಿಸಿ. ಉತ್ತರ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ "ನಮ್ಮ ಲ್ಯಾಬಿನಲ್ಲಿ ಸೀಳಬೇಕು ಅಂತಲೇ ಹೇಳಿಕೊಟ್ಟಿದ್ದಾರೆ" ಎಂದು ಮತ್ತೊಂದು ಪತ್ರ ಬರುವುದು ಗ್ಯಾರಂಟಿ. ಹಾಗಾಗಿ ಬುಡದಿಂದ ಹೇಳುತ್ತೇನೆ.

ಎಜಿಎನ್‌ಡಿ, ಡಿಜಿಎನ್‌ಡಿ ಎಂಬ ಹೆಸರುಗಳು ಚಿಪ್ಪಿನ ಒಳಗಿನ ವ್ಯವಸ್ಥೆಗೆ ಸೇರಿದ್ದು. ಚಿಪ್ಪನ್ನು ಪಿನ್ನಿಗೆ ಜೋಡಿಸುವ ಒಳಗಿನ ಬಾಂಡ್ ವೈರ್ ಕೂದಲಿಗಿಂತ ದಪ್ಪವೇನಿಲ್ಲ. ಡಿಜಿಟಲ್ ಕರೆಂಟ್ ಕೂಡ ಅದರಲ್ಲೇ ಹರಿದರೆ ಅನಲಾಗ್ ಭಾಗ ಅಲುಗಾಡುತ್ತದೆ ಎಂದು ತಯಾರಕರು ಎರಡು ವೈರ್ ಹೊರಗೆ ತಂದಿದ್ದಾರೆ, ಅಷ್ಟೆ. ಎಂಸಿಪಿ3208ರಲ್ಲಿ ಇವೆರಡೂ ಒಳಗೆ 5ರಿಂದ 10 ಓಮ್ ಮೂಲಕ ಸೇರಿಯೇ ಇವೆ. ಪ್ಲೇನ್ ಇದ್ದರೆ ಎರಡೂ ಪಿನ್ನನ್ನು ಅನಲಾಗ್ ಗ್ರೌಂಡಿಗೇ ಜೋಡಿಸಿ ಎಂದು ಅದರ ಡೇಟಾಶೀಟ್ ಬರೆದೇ ಇದೆ. ಪಿನ್ ಚಿತ್ರ ನೋಡಿ ಡೇಟಾಶೀಟ್ ಮುಚ್ಚಿಡಬೇಡಿ ಮಾರಾಯ್ರೆ, ಲೇಔಟಿನ ಪುಟದವರೆಗೂ ಓದಿ.

ಇನ್ನು ಆ ಹಠಮಾರಿ ನಂಬಿಕೆ. ಡಿಜಿಟಲ್ ಗ್ರೌಂಡ್ ಮೈಲಿಗೆ, ಅನಲಾಗ್ ಗ್ರೌಂಡ್ ಮಡಿ, ನಡುವೆ ಗೆರೆ ಎಳೆದರೆ ಮುಟ್ಟುಚಟ್ಟು ಆಗುವುದಿಲ್ಲ ಎನ್ನುವ ಹಾಗೆ ಜನ ಪ್ಲೇನ್ ಸೀಳುತ್ತಾರೆ. ನಾಯ್ಸ್ (ಸಿಗ್ನಲ್ಲಿಗೆ ಬೆರೆಯುವ ಬೇಡದ ಅಲುಗಾಟ) ಹಾಗೆ ತಾಮ್ರದ ಮೇಲೆ ಸುಮ್ಮನೆ ಹರಡಿಕೊಂಡು ಹೋಗುವುದಿಲ್ಲ. ಹರಿಯುವುದು ಕರೆಂಟ್, ಹೊರಟ ಕಡೆಗೇ ಅದು ವಾಪಸ್ ಬರಲೇಬೇಕು. ಕೆಲವು ನೂರು ಕಿಲೋಹರ್ಟ್ಸ್ ದಾಟಿದ ಮೇಲೆ ಆ ವಾಪಸ್ ಕರೆಂಟ್ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಗೆ ಒಡ್ಡುವ ತಡೆ) ಕಡಿಮೆ ಇರುವ ದಾರಿ ಹಿಡಿಯುತ್ತದೆ, ಅಂದರೆ ಟ್ರೇಸಿನ, ಸಿಗ್ನಲ್ ಒಯ್ಯುವ ತಾಮ್ರದ ಗೆರೆಯ, ನೇರ ಕೆಳಗೆ. 1.6 ಮಿ.ಮೀ. ದಪ್ಪದ ಬೋರ್ಡಿನಲ್ಲಿ ಟ್ರೇಸಿನ ಎರಡೂ ಬದಿಗೆ 4.8 ಮಿ.ಮೀ. ಒಳಗೇ ಸುಮಾರು ಶೇ. 80ರಷ್ಟು ಕರೆಂಟ್ ಇರುತ್ತದೆ. ನಾಲ್ಕು ಲೇಯರ್ ಹಾಕಿ ಪ್ಲೇನ್ 0.2 ಮಿ.ಮೀ. ಕೆಳಗಿದ್ದರೆ ಅದೇ 0.6 ಮಿ.ಮೀ.ಗೆ ಇಳಿಯುತ್ತದೆ. ನೀವು ಸೀಳದೆ ಇದ್ದರೂ ಡಿಜಿಟಲ್ ಕರೆಂಟ್ ತನ್ನ ಓಣಿ ಬಿಟ್ಟು ಹೊರಗೆ ಬರುವುದು ಅಷ್ಟಕ್ಕಷ್ಟೆ.

ಈಗ ಸೀಳಿ ನೋಡೋಣ. ಎಡಿಸಿಯಿಂದ ಮೈಕ್ರೊಕಂಟ್ರೋಲರಿಗೆ ಡೇಟಾ ಒಯ್ಯುವ ನಾಲ್ಕು ಎಸ್‌ಪಿಐ ಗೆರೆಗಳು ಸೀಳಿನ ಮೇಲೆ ದಾಟುತ್ತವೆ, ಎರಡು ತಾಮ್ರ ಸೇರುವ ಜಾಗ ಅಲ್ಲಿಂದ 40 ಮಿ.ಮೀ. ದೂರ. ವಾಪಸ್ ಕರೆಂಟ್ 40 ಹೋಗಿ 40 ಬರಬೇಕು. ಆ ಸುತ್ತು ದಾರಿಯ ಇಂಡಕ್ಟೆನ್ಸ್ 50 ನ್ಯಾನೊಹೆನ್ರಿ ಎಂದಿಟ್ಟುಕೊಳ್ಳಿ. ಪಿನ್ 2 ನ್ಯಾನೊಸೆಕೆಂಡಿನಲ್ಲಿ 10 ಮಿಲಿಆಂಪ್ ಬದಲಾಯಿಸಿದರೆ 0.25 ವೋಲ್ಟ್. ಇದು ಒಂದು ಗೆರೆಯ ಲೆಕ್ಕ. ಎಜಿಎನ್‌ಡಿ ಮತ್ತು ಡಿಜಿಎನ್‌ಡಿ ನಡುವೆ 0.3 ವೋಲ್ಟ್ ಮೀರಬಾರದು ಎಂದು ಎಷ್ಟೋ ಎಡಿಸಿಗಳ ಡೇಟಾಶೀಟಿನಲ್ಲಿ ಇರುತ್ತದೆ. ತಪ್ಪಿಸಬೇಕೆಂದಿದ್ದ ತೊಂದರೆಯನ್ನು ನಾವೇ ಕೈಯಾರೆ ಮಾಡಿಕೊಂಡ ಹಾಗಾಯಿತು. "ನನ್ನ ಕ್ಲಾಕ್ ಬರೀ 1 ಮೆಗಾಹರ್ಟ್ಸ್" ಎನ್ನಬೇಡಿ. ಲೆಕ್ಕಕ್ಕೆ ಬರುವುದು ಎಡ್ಜ್, ಅಂದರೆ ಸಿಗ್ನಲ್ ಸೊನ್ನೆಯಿಂದ ಒಂದಕ್ಕೆ, ಏರುವ ವೇಗ. 2 ನ್ಯಾನೊಸೆಕೆಂಡ್ ಎಂದರೆ 175 ಮೆಗಾಹರ್ಟ್ಸ್‌ವರೆಗೆ ಅದರಲ್ಲಿ ಕಸುವಿದೆ.

ಎರಡು ತಾಮ್ರ ಸೇರುವ ಜಾಗದಲ್ಲಿ ಫೆರೈಟ್ ಬೀಡ್ (ಹೈ ಫ್ರೀಕ್ವೆನ್ಸಿ ತಡೆಯುವ ಪುಟ್ಟ ಬಿಡಿಭಾಗ) ಹಾಕುವವರೂ ಇದ್ದಾರೆ. ಹೈ ಫ್ರೀಕ್ವೆನ್ಸಿಗೆ ಇದ್ದ ಒಂದೇ ಸೇತುವೆಯನ್ನೂ ಕಿತ್ತ ಹಾಗೆ ಅದು. ಬೀಡ್ ಬೇಕೇ ಬೇಕಿದ್ದರೆ ಎಡಿಸಿಯ ಸಪ್ಲೈ ಗೆರೆಯಲ್ಲಿ ಹಾಕಿ, ಬೀಡ್ ದಾಟಿದ ಮೇಲೆ 1 ಮೈಕ್ರೊಫ್ಯಾರಡ್, ಪಿನ್ ಪಕ್ಕದಲ್ಲೇ 100 ನ್ಯಾನೊಫ್ಯಾರಡ್.

ನಿಮ್ಮ ಬೋರ್ಡಿನ ನಿಜವಾದ ಕಳ್ಳ ಬೇರೆ ಇದ್ದಾನೆ, ಅದು ಸಿಮ್800ಎಲ್. ಟ್ರಾನ್ಸ್‌ಮಿಟ್ ಮಾಡುವಾಗ ಸೆಕೆಂಡಿಗೆ 217 ಸಲ 2 ಆಂಪ್‌ವರೆಗೆ ಎಳೆಯುತ್ತದೆ. ಟವರ್ ಹತ್ತಿರವಿದ್ದರೆ ಪವರ್ ತಗ್ಗಿಸಿಕೊಳ್ಳುತ್ತದೆ, ಕರೆಂಟೂ ತಗ್ಗುತ್ತದೆ. ಕುಶಾಲನಗರದ ಮೇಜಿನ ಮೇಲೆ ಸರಿಯಾಗಿ ಓದಿದ ಬೋರ್ಡ್ ಒಂದೇ ಕಡ್ಡಿ ಸಿಗ್ನಲ್ ಇರುವ ಕಣಿವೆಯ ತೋಟದಲ್ಲಿ ಹುಚ್ಚು ಹಿಡಿದ ಹಾಗೆ ಆಡುವುದು ಇದಕ್ಕೇ. 217 ಹರ್ಟ್ಸ್ ಕಡಿಮೆ ಫ್ರೀಕ್ವೆನ್ಸಿ. ಈ ಕರೆಂಟ್ ಟ್ರೇಸಿನ ಕೆಳಗೆ ಅಡಗುವುದಿಲ್ಲ, ರೆಸಿಸ್ಟೆನ್ಸ್ ನೋಡಿ ಪ್ಲೇನ್ ತುಂಬ ಹರಡುತ್ತದೆ.

ಅಳತೆ ಹಾಕಿ. 35 ಮೈಕ್ರಾನ್ ತಾಮ್ರದಲ್ಲಿ ಯಾವುದೇ ಗಾತ್ರದ ಒಂದು ಚೌಕಕ್ಕೆ ಅರ್ಧ ಮಿಲಿಓಮ್. 100×80 ಮಿ.ಮೀ. ಪ್ಲೇನಿನ ಉದ್ದಕ್ಕೆ ಒಂದೂಕಾಲು ಚೌಕ. 2 ಆಂಪ್ ಹರಿದರೆ ಅತ್ತಿಂದಿತ್ತ ಒಂದೂಕಾಲು ಮಿಲಿವೋಲ್ಟ್. ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವ ಟಿಎಂಪಿ36 ಸೆನ್ಸರಿನಲ್ಲಿ ಇದು 0.1 ಡಿಗ್ರಿಗಿಂತ ತುಸು ಹೆಚ್ಚು. ಅದೇ ಕರೆಂಟ್, ಸೆನ್ಸರಿನ ಗ್ರೌಂಡೂ ಸೇರಿಕೊಂಡ 2 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಪಟ್ಟಿಯಲ್ಲಿ ಹರಿದರೆ 40 ಚೌಕ, 40 ಮಿಲಿವೋಲ್ಟ್, 4 ಡಿಗ್ರಿ.

ಆದ್ದರಿಂದ ಸೀಳುವ ಬದಲು ಜಾಗ ಹಂಚಿ. ಬ್ಯಾಟರಿ ಕನೆಕ್ಟರ್, ಮಾಡ್ಯೂಲ್, ಅದರ ಪಕ್ಕಕ್ಕೇ 1000 ಮೈಕ್ರೊಫ್ಯಾರಡ್ ಲೋ ಇಎಸ್‌ಆರ್ (ಒಳ ರೆಸಿಸ್ಟೆನ್ಸ್ ಕಡಿಮೆ ಇರುವ) ಕೆಪಾಸಿಟರ್, ಎಲ್ಲ ಒಂದೇ ಮೂಲೆಗೆ. ಸೆನ್ಸರ್ ಕನೆಕ್ಟರ್‌ಗಳು ಎದುರು ಮೂಲೆಗೆ. ಎಡಿಸಿ ಅವುಗಳ ಹತ್ತಿರ, ಅದರ ಎಸ್‌ಪಿಐ ಬದಿ ಮೈಕ್ರೊಕಂಟ್ರೋಲರ್ ಕಡೆ ತಿರುಗಿರಲಿ. ಟ್ರೇಸ್ ಎಲ್ಲ ಮೇಲೆ. ಕೆಳಗೆ ಇಳಿಯಲೇಬೇಕಾದರೆ ಐದಾರು ಮಿ.ಮೀ. ದಾಟಿ ಮತ್ತೆ ಮೇಲೆ ಬನ್ನಿ. ವಯಾಗಳನ್ನು (ಎರಡು ಲೇಯರ್ ಸೇರಿಸುವ ತೂತುಗಳನ್ನು) ಒತ್ತಾಗಿ ಸಾಲು ಹಿಡಿಸಿದರೆ ಅವುಗಳ ಕ್ಲಿಯರೆನ್ಸ್, ಸುತ್ತ ತಾಮ್ರ ಬಿಟ್ಟ ಜಾಗ, ಕೂಡಿಕೊಂಡು ಸೀಳೇ ಆಗುತ್ತದೆ. ಡಿಆರ್‌ಸಿ (ವಿನ್ಯಾಸದ ತಂತ್ರಾಂಶ ಮಾಡುವ ನಿಯಮ ತಪಾಸಣೆ) ಇದನ್ನು ತಪ್ಪು ಅನ್ನುವುದಿಲ್ಲ, ಜೋನಿಗೆ (ಪ್ಲೇನಿನ ಜಾಗಕ್ಕೆ) ತಾಮ್ರ ತುಂಬಿಸಿ ಕಣ್ಣಲ್ಲೇ ನೋಡಬೇಕು. ಇನ್ನೊಂದು ಖರ್ಚಿಲ್ಲದ ಉಪಾಯ: ಸೆನ್ಸರ್ ಓದಿ ಮುಗಿಸಿ, ಆಮೇಲೆ ಮಾಡ್ಯೂಲ್ ಆನ್ ಮಾಡಿ.

ತಾಮ್ರ ನಿಜಕ್ಕೂ ಬೇರೆಯಾಗಬೇಕಾದ್ದು ಪಂಪ್‌ಸೆಟ್ಟಿನ 230 ವೋಲ್ಟ್ ಬೋರ್ಡಿಗೆ ಬಂದಾಗ. ಅಲ್ಲಿ 8 ಮಿ.ಮೀ. ಖಾಲಿ ಬಿಡಿ, ರಿಲೇ ಅಥವಾ ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಚಿಪ್) ಬಿಟ್ಟು ಬೇರೇನೂ ದಾಟದಿರಲಿ. ಅದು ಜೀವದ ಪ್ರಶ್ನೆ, ನಾಯ್ಸಿನದಲ್ಲ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಕಾಫಿ ಹೂ ಅರಳಿಸುವ ಹೂಮಳೆ ಬರುವ ಮೊದಲೇ ನಿಮ್ಮ ಮಳೆ ಮಾಪಕ ಇಂಚುಗಟ್ಟಲೆ ಮಳೆ ತೋರಿಸಿದರೆ ಗ್ರೌಂಡನ್ನು ಬೈಯಬೇಡಿ. ಆನೆ ತಡೆಯಲು ಹಾಕಿದ ಸೋಲಾರ್ ಬೇಲಿ ನೋಡಿ. ಅದು ಸೆಕೆಂಡಿಗೊಮ್ಮೆಯಂತೆ ಕಿಲೋವೋಲ್ಟ್‌ಗಳ ಪಲ್ಸ್ ಬಿಡುತ್ತದೆ. ಮಾಪಕದ ವೈರ್ ಬೇಲಿಯ ಪಕ್ಕದಲ್ಲೇ ಓಡಿದ್ದರೆ ಪ್ರತಿ ಪಲ್ಸೂ ಒಂದು ಟಿಪ್, ಅಂದರೆ ಮಾಪಕದ ಪುಟ್ಟ ಬಕೆಟ್ ತುಂಬಿ ಮಗುಚಿ ಸ್ವಿಚ್ ಮುಚ್ಚಿದ ಹಾಗೆ. 0.2 ಮಿ.ಮೀ. ಬಕೆಟ್ ಆದರೆ ನಿಮಿಷಕ್ಕೆ 12 ಮಿ.ಮೀ., ಅರ್ಧ ಇಂಚಿಗೆ ಹತ್ತಿರ! ಮೈಕ್ರೊಕಂಟ್ರೋಲರಿನ ಒಳಗಿನ ಪುಲ್-ಅಪ್ (ಗೆರೆಯನ್ನು ಸಪ್ಲೈ ವೋಲ್ಟೇಜಿಗೆ ಎತ್ತಿ ಹಿಡಿಯುವ ರೆಸಿಸ್ಟರ್) ಹತ್ತಾರು ಕಿಲೋಓಮ್, ಇಷ್ಟುದ್ದದ ವೈರಿಗೆ ಸಾಲದು. ಹೊರಗೆ 1 ಕಿಲೋಓಮ್ ಪುಲ್-ಅಪ್, ನಂತರ 10 ಕಿಲೋಓಮ್ ಮತ್ತು 100 ನ್ಯಾನೊಫ್ಯಾರಡ್ ಫಿಲ್ಟರ್ ಹಾಕಿ. ಸ್ವಿಚ್ ಮುಚ್ಚಿದೆ ಎಂದು ಕಂಡರೆ 10 ಮಿಲಿಸೆಕೆಂಡ್ ಬಿಟ್ಟು ಇನ್ನೊಮ್ಮೆ ನೋಡಿ. ಆಗಲೂ ಮುಚ್ಚಿದ್ದರೆ ಮಾತ್ರ ಎಣಿಸಿ. ವೈರ್ ಟ್ವಿಸ್ಟೆಡ್ ಪೇರ್ ಇರಲಿ, ಬೇಲಿಯನ್ನು ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಸಿಡಿಲಿಗೆಂದು ಡಬ್ಬಿಗೆ ಅರ್ತಿಂಗ್ ಕೊಡುವವರು ಬೇಲಿಯ ಅರ್ತ್ ರಾಡಿಗೇ ವೈರ್ ಕಟ್ಟಿಬಿಡಬೇಡಿ. ಅದರಿಂದ ಕನಿಷ್ಠ 10 ಮೀಟರ್ ದೂರದಲ್ಲಿ ಬೇರೆ ರಾಡ್ ಹೊಡೆಯಿರಿ, ಸರ್ಜ್ ಅರೆಸ್ಟರನ್ನು (ಸಿಡಿಲಿನ ಹೊಡೆತವನ್ನು ಅರ್ತಿಗೆ ಇಳಿಸುವ ಭಾಗ) ವೈರ್ ಒಳಬರುವ ಜಾಗದಲ್ಲೇ ಡಬ್ಬಿಯ ಲೋಹಕ್ಕೆ ಬಿಗಿಯಿರಿ.