ಸೊಟ್ಟಗೆ ಕೂಡಿದ ಮೂಳೆಯ ಶಸ್ತ್ರಚಿಕಿತ್ಸೆಗೆ ಸರಿಯಿರುವ ಕೈಯ ಸ್ಕ್ಯಾನ್ ಏಕೆ?

ಪ್ರಶ್ನೆ: ಇಪ್ಪತ್ತು ವರ್ಷದ ನನ್ನ ಮಗನ ಬಲ ಮುಂಗೈ ಚಿಕ್ಕಂದಿನಲ್ಲಿ ಮುರಿದು ಸೊಟ್ಟಗೆ ಕೂಡಿಕೊಂಡಿದೆ; ಅಂಗೈಯನ್ನು ಪೂರ್ತಿ ಮೇಲಕ್ಕೆ ತಿರುಗಿಸಲು ಅವನಿಗೆ ಆಗುವುದಿಲ್ಲ. ಮೂಳೆ ಕತ್ತರಿಸಿ ಮರುಜೋಡಿಸಲು ತ್ರೀಡಿ ಪ್ರಿಂಟಿಂಗಿನ ‘ಗೈಡ್’ ಮಾಡಿಸಬೇಕೆಂದು ವೈದ್ಯರು ಎರಡೂ ಕೈಗಳ ಸಿ.ಟಿ. ಸ್ಕ್ಯಾನ್ ಕೇಳಿದ್ದಾರೆ. ಚೆನ್ನಾಗಿರುವ ಎಡಗೈಗೆ ಸ್ಕ್ಯಾನ್ ಏಕೆ?

ಉತ್ತರ: ಮುರಿಯದೇ ಇದ್ದಿದ್ದರೆ ನಿಮ್ಮ ಮಗನ ಬಲಗೈ ಮೂಳೆಗಳು ಇಂದು ಹೇಗಿರುತ್ತಿದ್ದವು ಎಂಬುದನ್ನು ತೋರಿಸಬಲ್ಲದ್ದು ಆತನ ಎಡಗೈ ಮಾತ್ರ. ಹೊಸ ರವಿಕೆ ಹೊಲಿಯಲು ಕೊಡುವಾಗ ಅಳತೆಗೆಂದು ಹಳೆಯ ರವಿಕೆಯನ್ನು ಜೊತೆಗಿಡುತ್ತೇವಲ್ಲ, ಇಲ್ಲಿ ಎಡಗೈಯದು ಅದೇ ಕೆಲಸ. ಅದರ ಮೂರು ಆಯಾಮದ ಚಿತ್ರವನ್ನು ಕಂಪ್ಯೂಟರಿನಲ್ಲಿ ಕನ್ನಡಿಯ ಬಿಂಬದಂತೆ ಮಗುಚಿ ಬಲಗೈಯ ಚಿತ್ರದ ಮೇಲೆ ಹೊಂದಿಸಿದಾಗ, ಮೂಳೆ ಎಲ್ಲಿ ಬಾಗಿದೆ, ಎಷ್ಟು ಗಿಡ್ಡವಾಗಿದೆ, ಎಷ್ಟು ತಿರುಚಿಕೊಂಡಿದೆ ಎಂಬುದು ಕಾಣುತ್ತದೆ. ಈ ಕೊನೆಯದೇ ಮುಖ್ಯ. ಮುಂಗೈಯಲ್ಲಿ ಅಲ್ನಾ, ರೇಡಿಯಸ್ ಎಂಬ ಎರಡು ಮೂಳೆಗಳಿದ್ದು, ಅಲ್ನಾದ ಸುತ್ತ ರೇಡಿಯಸ್ ಹೊರಳುವುದರಿಂದ ಅಂಗೈ ಮೇಲೆ ಕೆಳಗೆ ತಿರುಗುತ್ತದೆ; ಮೂಳೆ ತಿರುಚಿಕೊಂಡಿದ್ದರೆ ಈ ಹೊರಳುವಿಕೆಗೆ ಅಡ್ಡಿಯಾಗುತ್ತದೆ. ಎಕ್ಸ್‌ರೇಯಲ್ಲಿ ಬಾಗು ಸುಲಭವಾಗಿ ಕಂಡರೂ ತಿರುಚನ್ನು ಅಳೆಯುವುದು ಕಷ್ಟ, ಮತ್ತು ಬೆಳೆಯುವ ವಯಸ್ಸಿನಲ್ಲಿ ಬಾಗು ಬಹುಮಟ್ಟಿಗೆ ತಾನಾಗಿ ಸರಿಹೋಗಬಹುದಾದರೂ ತಿರುಚು ಹಾಗೆ ಸರಿಹೋಗುವುದು ತೀರ ಕಡಿಮೆ.

ಹೀಗೆ ಪರದೆಯ ಮೇಲೆ ನಿರ್ಧರಿಸಿದ ಕೋನವನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮೂಳೆಗೆ ದಾಟಿಸುವ ಸಾಧನವೇ ಗೈಡ್. ಸಾಮಾನ್ಯವಾಗಿ ನೈಲಾನ್ ಪುಡಿಯನ್ನು ಲೇಸರಿನಿಂದ ಬೆಸೆದು ತಯಾರಿಸುವ ಈ ಅಚ್ಚಿನ ಒಳಮೈ ಆ ಮೂಳೆಯ ಆ ಜಾಗದ ಉಬ್ಬುತಗ್ಗುಗಳಿಗೆ ಮಾತ್ರ ಕೂರುವಂತಿರುತ್ತದೆ. ಗರಗಸದ ಅಲಗಿಗೆ ಒಂದು ಸೀಳು, ಡ್ರಿಲ್ಲಿಗೆ ಕೆಲವು ರಂಧ್ರಗಳು ಅದರಲ್ಲಿರುತ್ತವೆ. ಜಾಣತನವಿರುವುದು ರಂಧ್ರಗಳಲ್ಲಿ. ಕತ್ತರಿಸಿದ ತುಂಡುಗಳನ್ನು ಹಿಡಿದಿಡುವ ಲೋಹದ ಪಟ್ಟಿಯ, ಅಂದರೆ ಪ್ಲೇಟಿನ, ಸ್ಕ್ರೂಗಳಿಗೆ ಬೇಕಾದ ತೂತುಗಳನ್ನು ಮೂಳೆ ಸೊಟ್ಟಗಿರುವಾಗಲೇ, ಕತ್ತರಿಸುವ ಮೊದಲೇ ಕೊರೆದಿರುತ್ತಾರೆ. ಕತ್ತರಿಸಿದ ಮೇಲೆ ಅದೇ ತೂತುಗಳ ಮೂಲಕ ಪ್ಲೇಟ್ ಬಿಗಿದಾಗ ಎರಡು ತುಂಡುಗಳೂ ಯೋಜಿಸಿದ ಸ್ಥಾನಕ್ಕೆ ಬಂದು ನಿಲ್ಲುತ್ತವೆ. ಗೈಡ್ ದೇಹದಲ್ಲಿ ಉಳಿಯುವುದಿಲ್ಲ. ಉಳಿಯುವುದು ಪ್ಲೇಟ್. ಅದು ಹೆಚ್ಚಾಗಿ ಸಿದ್ಧ ಅಳತೆಯದೇ ಆಗಿರುತ್ತದೆ. ಅದು ಹೊಂದದಿದ್ದಾಗ ಟೈಟಾನಿಯಂ ಮಿಶ್ರಲೋಹದಲ್ಲಿ ರೋಗಿಗೆಂದೇ ಮಾಡಿಸುವುದುಂಟು, ಆಗ ಖರ್ಚೂ ಕಾಯುವ ಸಮಯವೂ ಏರುತ್ತವೆ.

ಈ ವಿಧಾನವನ್ನು ಪವಾಡವೆಂದು ಬಣ್ಣಿಸುವವರ ಮಾತನ್ನು ಸ್ವಲ್ಪ ಸೋಸಿ ಕೇಳಬೇಕು. ಮೂಳೆಯ ಮೇಲಿನ ಮೃದು ಅಂಗಾಂಶವನ್ನು ಸರಿಯಾಗಿ ಬಿಡಿಸದೆ ಗೈಡ್ ಕೊಂಚ ಜರುಗಿ ಕೂತರೆ, ತಪ್ಪು ಜಾಗದಲ್ಲಿಯೇ ನಿಖರವಾದ ಕೊಯ್ತ ಆಗುತ್ತದೆ. ಎಡಬಲ ಮೂಳೆಗಳು ಯಾರಲ್ಲೂ ತದ್ವತ್ ಒಂದೇ ಆಗಿರುವುದಿಲ್ಲ. ರಿಕೆಟ್ಸ್ ಅಥವಾ ಫ್ಲೋರೋಸಿಸ್‌ನಿಂದ ಎರಡೂ ಕಡೆ ವಿರೂಪಗೊಂಡವರಲ್ಲಿ ಅಳತೆಗೆ ಸರಿಯಿರುವ ಕಡೆಯೇ ಇರುವುದಿಲ್ಲ. ಮಣಿಕಟ್ಟಿನ ಬಳಿ ಸೊಟ್ಟಗೆ ಕೂಡಿದ ರೇಡಿಯಸ್ ಕುರಿತು 2018ರಲ್ಲಿ ಪ್ರಕಟವಾದ ತುಲನಾತ್ಮಕ ಪ್ರಯೋಗವೊಂದರಲ್ಲಿ, ಮೂರು ಆಯಾಮದ ಯೋಜನೆಯಿಂದ ಮೂಳೆಯ ಜೋಡಣೆ ಹೆಚ್ಚು ನಿಖರವಾಯಿತಾದರೂ, ರೋಗಿಗಳು ಹೇಳಿಕೊಂಡ ಉಪಯೋಗದಲ್ಲಿ ಖಚಿತ ವ್ಯತ್ಯಾಸ ಸಾಬೀತಾಗಲಿಲ್ಲ. ಒಂದೇ ದಿಕ್ಕಿಗೆ ಬಾಗಿದ ಸರಳ ವಿರೂಪಕ್ಕೆ ಎಕ್ಸ್‌ರೇ ಮತ್ತು ನುರಿತ ಕೈ ಸಾಕಾಗುತ್ತವೆ; ಆದರೆ ಎರಡು ಮೂಳೆಗಳು ಹೊಂದಿಕೊಂಡು ಹೊರಳಬೇಕಾದ ಮುಂಗೈಯಲ್ಲಿ, ಬಾಗಿನ ಜೊತೆ ತಿರುಚೂ ಇದ್ದರೆ, ಗೈಡ್‌ಗೆ ಹಣ ಹಾಕುವುದು ಸಮರ್ಥನೀಯ ಎಂಬುದು ನಮ್ಮ ಅಭಿಪ್ರಾಯ.

ಸ್ಕ್ಯಾನ್ ಮೊಣಕೈಯಿಂದ ಮಣಿಕಟ್ಟಿನವರೆಗೆ, ಎರಡೂ ಕೀಲುಗಳು ಸೇರುವಂತೆ ಇರಬೇಕು. ಜೊತೆಗೆ ವೈದ್ಯರನ್ನು ಒಂದು ವಿಷಯ ಕೇಳಿ: ಇಷ್ಟು ವರ್ಷ ತಿರುಗದೆ ಉಳಿದ ಕೈಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಮತ್ತು ಕೀಲುಗಳು ಬಿಗಿದುಕೊಂಡಿದ್ದರೆ, ಮೂಳೆ ನೇರವಾದ ಮೇಲೂ ಅಂಗೈ ಎಷ್ಟರಮಟ್ಟಿಗೆ ತಿರುಗೀತು?